‘ದಿವಾಸ್ವಪ್ನ’ದ ಉಪಾಧ್ಯಾಯ

ಶಾಲೆಯನ್ನು ಕುರಿತು ಬರೆದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಉಪದೇಶ ಹೆಚ್ಚು, ಶಾಲೆ ಕಡಿಮೆ. ಗಿಜುಭಾಯಿ ಬಧೇಕಾ ಅವರು ಗುಜರಾತಿಯಲ್ಲಿ ಬರೆದ, 1932ರಲ್ಲಿ ಪ್ರಕಟವಾದ ‘ದಿವಾಸ್ವಪ್ನ’ ಈ ಮಾತಿಗೆ ಅಪವಾದ. ಅದನ್ನು ಕಾದಂಬರಿಯೆನ್ನೋಣವೆಂದರೆ ಕಥೆ ಸಾಲದು. ಶಿಕ್ಷಣಶಾಸ್ತ್ರವೆನ್ನೋಣವೆಂದರೆ ಅದರಲ್ಲಿ ಶಾಸ್ತ್ರದ ಬಿಗುಮಾನವಿಲ್ಲ. ಒಬ್ಬ ಉಪಾಧ್ಯಾಯ ಒಂದು ತರಗತಿಯಲ್ಲಿ ಒಂದು ವರ್ಷ ಏನು ಮಾಡಿದನೆಂಬುದಿಷ್ಟೇ ಅದರ ವಸ್ತು.

ಓದಿ ತಲೆತುಂಬ ವಿಚಾರ ತುಂಬಿಕೊಂಡ, ಆದರೆ ಅನುಭವವಿಲ್ಲದ ಒಬ್ಬಾತ ವಿದ್ಯಾ ಇಲಾಖೆಯ ಅಧಿಕಾರಿಯ ಬಳಿಗೆ ಹೋಗಿ, ಪ್ರಯೋಗಕ್ಕೆಂದು ಒಂದು ತರಗತಿಯನ್ನು ಕೇಳುತ್ತಾನೆ. ಅಧಿಕಾರಿ ನಗುತ್ತಾನೆ, ಆದರೂ ನಾಲ್ಕನೆಯ ತರಗತಿಯನ್ನು ಒಪ್ಪಿಸುತ್ತಾನೆ. ವರ್ಷದ ಕೊನೆಗೆ ಪರೀಕ್ಷೆ ಮಾತ್ರ ತಪ್ಪದು. ಮೊದಲ ದಿನ ಈತ ಮನೆಯಲ್ಲಿ ಅಚ್ಚುಕಟ್ಟಾಗಿ ಯೋಜಿಸಿಕೊಂಡು ಬಂದಿದ್ದ ‘ಶಾಂತಿಯ ಆಟ’ವನ್ನು ಆಡಿಸಲು ಹೋಗುತ್ತಾನೆ. ಹುಡುಗರಿಗೆ ಅದೊಂದು ತಮಾಷೆ. ಶಾಂತಿಯ ಬದಲು ಗದ್ದಲವೇಳುತ್ತದೆ. ಬೇರೆ ದಾರಿ ಕಾಣದೆ ತರಗತಿಯನ್ನು ಬೇಗನೆ ಬಿಟ್ಟುಬಿಡುತ್ತಾನೆ. ಅದಕ್ಕೆ ಹೆಡ್ಮಾಸ್ತರರ ಆಕ್ಷೇಪಣೆ ಬೇರೆ. ಮರುದಿನ ಆಟವನ್ನು ಕೈಬಿಟ್ಟು ಕಥೆ ಹೇಳತೊಡಗುತ್ತಾನೆ. ತರಗತಿ ತಾನಾಗಿ ಸುಮ್ಮನಾಗುತ್ತದೆ.

ಈ ಎರಡು ದಿನಗಳ ನಡುವಣ ರಾತ್ರಿಯಲ್ಲಿಯೇ ಪುಸ್ತಕದ ಜೀವವಿದೆಯೆಂದು ನನ್ನ ಭಾವನೆ. ತಪ್ಪು ಹುಡುಗರದಲ್ಲ, ತನ್ನ ಎಣಿಕೆಯದು ಎಂದು ಕಂಡುಕೊಂಡು, ಎಣಿಕೆಯನ್ನು ತಿದ್ದಿ, ಮತ್ತೆ ಆ ಹುಡುಗರ ಮುಂದೆಯೇ ನಿಲ್ಲುವುದು: ಸಂಶೋಧನೆಯೆಂದರೆ ಇದಲ್ಲದೆ ಮತ್ತೇನು? ಪಾಠಕ್ರಮದ ಸುಧಾರಣೆಗೆ ಉಪಾಧ್ಯಾಯನು ತನ್ನ ತರಗತಿಯನ್ನು ತಾನೇ ಅಧ್ಯಯನ ಮಾಡುವುದು ಅಗತ್ಯವೆಂದು ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ 1975ರ ತಮ್ಮ ಗ್ರಂಥದಲ್ಲಿ ವಾದಿಸಿ ಹೆಸರಾದರು. ಭಾವನಗರದ ಈ ಮಾಜಿ ವಕೀಲರು ಅದನ್ನು ನಲವತ್ತಮೂರು ವರ್ಷ ಮೊದಲೇ ಕಥೆಯಾಗಿ ಬರೆದಿದ್ದರು.

ನಮ್ಮ ಬಿ.ಎಡ್. ವಿದ್ಯಾರ್ಥಿಗಳೂ ‘ಕ್ರಿಯಾ ಸಂಶೋಧನೆ’ಯನ್ನು ಬರೆಯುತ್ತಾರೆ. ಸಮಸ್ಯೆ, ಪ್ರಾಕ್ಕಲ್ಪನೆ, ಪೂರ್ವಪರೀಕ್ಷೆ, ಉತ್ತರಪರೀಕ್ಷೆ ಎಲ್ಲವೂ ಕ್ರಮವಾಗಿರುತ್ತವೆ. ನನ್ನ ಕಣ್ಣಿಗೆ ಬಿದ್ದಷ್ಟರಲ್ಲಿ ಸೋತ ಪ್ರಯೋಗ ಒಂದೂ ಇಲ್ಲ! ಕಾಗುಣಿತ ತಪ್ಪುತ್ತಿದ್ದ ಮಕ್ಕಳು ಮೂರು ವಾರಗಳಲ್ಲಿ ತಿದ್ದಿಕೊಂಡೇ ತೀರುತ್ತಾರೆ. ಪಾಪ, ಅಂಕ ಬೇಕಾದವರು ಇನ್ನೇನು ಬರೆದಾರು? ಮೊದಲ ದಿನವೇ ಕೆಟ್ಟಿತು ಎಂದು ಬರೆಯುವ ಧೈರ್ಯವನ್ನು ಅವರಿಗೆ ನಾವು ಕಲಿಸಿಲ್ಲ. ಗಿಜುಭಾಯಿ ಅವರ ಉಪಾಧ್ಯಾಯನಿಗೆ ಆ ಧೈರ್ಯವಿದೆ. ಪಠ್ಯಪುಸ್ತಕದ ಹಣದಿಂದ ತರಗತಿಗೊಂದು ಪುಸ್ತಕಭಂಡಾರ ಕಟ್ಟಲು ಹೊರಟಾಗ ಬಂದ ವಿರೋಧವನ್ನೂ, ಉಗುರು, ಕೂದಲು, ಟೋಪಿಗಳ ಕೊಳೆ ತೆಗೆಸಲು ಪಟ್ಟ ಪಾಡನ್ನೂ ಆತ ಮುಚ್ಚಿಡುವುದಿಲ್ಲ.

ಆದರೆ ಕೃತಿಯ ಕೊರತೆಯೂ ಇಲ್ಲಿಯೇ ಹುಟ್ಟುತ್ತದೆ. ಈ ಉಪಾಧ್ಯಾಯ ಹೊರಗಿನಿಂದ ಬಂದವನು. ಬೆನ್ನಿಗೆ ಅಧಿಕಾರಿಯ ಅಭಯವಿದೆ. ಪಕ್ಕದ ತರಗತಿಯ ಮೇಷ್ಟರಿಗೆ ಇರುವುದು ಸಂಬಳದ ಮತ್ತು ಪರೀಕ್ಷೆಯ ಭಯ. ಅವರೆಲ್ಲ ಇಲ್ಲಿ ಬೆತ್ತ ಹಿಡಿದ, ಹಾಸ್ಯಮಾಡುವ, ಕೊನೆಗೆ ಬೆರಗಾಗುವ ನೆರಳುಗಳಾಗಿದ್ದಾರೆ. ನಾಲ್ಕನೆಯ ತರಗತಿಯ ಒಬ್ಬೊಬ್ಬ ಹುಡುಗನನ್ನೂ ಅಕ್ಕರೆಯಿಂದ ನೋಡುವ ಕಣ್ಣು ಸಹೋದ್ಯೋಗಿಯನ್ನು ಹಾಗೆ ನೋಡುವುದಿಲ್ಲ. ಕಥೆಯ ದೃಷ್ಟಿಯಿಂದ ಇದು ಪಾತ್ರರಚನೆಯ ದೋಷ. ಶಾಲೆಯ ದೃಷ್ಟಿಯಿಂದ ಇನ್ನೂ ದೊಡ್ಡ ದೋಷ. ಆತ ತರಗತಿಯನ್ನು ಗೆದ್ದ; ಶಾಲೆಯನ್ನು ಮುನ್ನಡೆಸಲಿಲ್ಲ. ಮರುವರ್ಷ ಅಲ್ಲಿ ಕಥೆ ಹೇಳುವವರು ಯಾರು?

ವಿಚಿತ್ರವೆಂದರೆ ಲೇಖಕರಿಗೆ ಇದಕ್ಕೆ ಉತ್ತರ ತಿಳಿದಿತ್ತು. 1916ರಲ್ಲಿ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದ ಅವರು 1920ರಲ್ಲಿ ಬಾಲಮಂದಿರವನ್ನು ತೆರೆದರು. ಅಷ್ಟಕ್ಕೆ ನಿಲ್ಲದೆ 1925ರಲ್ಲಿ ಉಪಾಧ್ಯಾಯರ ತರಬೇತಿಗೆ ಅಧ್ಯಾಪನ ಮಂದಿರವನ್ನೂ ಆರಂಭಿಸಿದರು. ಮರುವರ್ಷ ನೂತನ ಬಾಲಶಿಕ್ಷಣ ಸಂಘ ಹುಟ್ಟಿತು. ಅದರಲ್ಲಿ ಅವರ ಜೊತೆಗಿದ್ದವರು ತಾರಾಬಾಯಿ ಮೋಡಕ್. ತನ್ನಂಥವರನ್ನು ತಯಾರುಮಾಡದಿದ್ದರೆ ತನ್ನ ಪ್ರಯೋಗ ತನ್ನೊಡನೆಯೇ ಮುಗಿದೀತು ಎಂಬ ಅರಿವು ಈ ಕೆಲಸದಲ್ಲೆಲ್ಲ ಕಾಣುತ್ತದೆ. ‘ದಿವಾಸ್ವಪ್ನ’ದಲ್ಲಿ ಮಾತ್ರ ಅದರ ಸುಳಿವು ತೆಳುವಾಗಿದೆ. ಕನಸಿಗೆ ಒಬ್ಬನೇ ನಾಯಕ ಸಾಕೆಂದು ಬಗೆದರೋ ಏನೋ.

ಗಿಜುಭಾಯಿ 1939ರಲ್ಲಿ ತೀರಿಕೊಂಡರು. ತಾರಾಬಾಯಿ 1945ರಲ್ಲಿ ಬೋರ್ಡಿಯಲ್ಲಿಯೂ, ಅನಂತರ ಕೋಸಬಾಡದ ಆದಿವಾಸಿಗಳ ನಡುವೆಯೂ, ಅನುತಾಯಿ ವಾಘ್ ಅವರನ್ನು ಜೊತೆಗಿಟ್ಟುಕೊಂಡು ಕೆಲಸ ಮುಂದುವರಿಸಿದರು. ಶಾಲೆಗೆ ಬಾರದ ಮಕ್ಕಳ ಮನೆಯಂಗಳಕ್ಕೆ ಶಾಲೆಯನ್ನೇ ಒಯ್ದರು. ‘ಅಂಗನವಾಡಿ’ ಎಂದು ಇಂದು ನಮ್ಮ ಓಣಿಯ ಹಲಗೆಯ ಮೇಲೆ ಬರೆದಿರುವ ಮಾತು ಆ ಅಂಗಳದಿಂದ ಬಂದದ್ದು.