ಐಸ್‌ಕ್ರೀಮಿಗೆ ಮುಡಿಸಿದ ಬೆಣ್ಣೆ ಹೂವು

ಐಸ್‌ಕ್ರೀಮ್ ಕೋನಿಗೆ ಬಟರ್‌ಕ್ರೀಮಿನ ಹೂ ಬಿಡಿಸುವ ಹವ್ಯಾಸ ಈಗ ನಮ್ಮ ಅಡುಗೆಮನೆಗಳಿಗೂ ಬಂದಿದೆ. ಮಕ್ಕಳ ಹುಟ್ಟುಹಬ್ಬದ ಮೇಜಿನ ಮೇಲೆ ಕೇಕಿನ ಪಕ್ಕದಲ್ಲಿ ಸಾಲಾಗಿ ನಿಂತ ಕೋನುಗಳು, ಅವುಗಳ ತುದಿಯಲ್ಲಿ ಗುಲಾಬಿ, ಸೇವಂತಿಗೆ, ಒಂದೆರಡು ಹಸಿರೆಲೆ. ನೋಡಿದವರು ಮೊದಲು ಫೋನ್ ತೆಗೆಯುತ್ತಾರೆ. ಅಷ್ಟು ಚೆಂದವಾಗಿರುತ್ತದೆ ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ತಿನಿಸಿನ ಬೆಲೆ ಕಟ್ಟಬೇಕಾದದ್ದು ಬಾಯಿ. ಆ ಅಳತೆಯಲ್ಲಿ ಈ ಹೂಗಳಲ್ಲಿ ಬಹಳಷ್ಟು ಸೋಲುತ್ತವೆ, ಕೆಲವು ಮಾತ್ರ ಸೊಗಸಾಗಿ ಗೆಲ್ಲುತ್ತವೆ. ಸೋಲಿಗೂ ಗೆಲುವಿಗೂ ಕಾರಣ ಕೈಚಳಕಕ್ಕಿಂತ ಹೆಚ್ಚಾಗಿ ಹೊತ್ತು: ಹೂ ಎಷ್ಟು ಹೊತ್ತು ನಿಲ್ಲಬೇಕೆಂದು ಮಾಡುವವರು ಬಯಸುತ್ತಾರೆ ಎಂಬುದು.

ಇಲ್ಲಿ ಕೂಡಿಕೊಂಡಿರುವ ಎರಡು ಕಲೆಗಳ ಸ್ವಭಾವವೇ ಬೇರೆ ಬೇರೆ. ಕೋನು ಅವಸರದ ಕೂಸು. ನ್ಯೂಯಾರ್ಕಿನಲ್ಲಿ ಐಸ್ ಮಾರುತ್ತಿದ್ದ ಇಟಲಿ ಮೂಲದ ಇಟಾಲೊ ಮಾರ್ಕಿಯೋನಿಗೆ ತಿನ್ನಬಹುದಾದ ಬಟ್ಟಲುಗಳನ್ನು ಮಾಡುವ ಅಚ್ಚಿನ ಪೇಟೆಂಟ್ ಸಿಕ್ಕಿದ್ದು 1903ರಲ್ಲಿ. ಮರುವರ್ಷ ಸೇಂಟ್ ಲೂಯಿಸ್ ನಗರದ ವಿಶ್ವಮೇಳದಲ್ಲಿ ಕೋನು ಜನಪ್ರಿಯವಾಯಿತು. ಬಟ್ಟಲು ಬೇಡ, ಚಮಚ ಬೇಡ, ತೊಳೆಯುವ ಗೋಜಿಲ್ಲ. ಮೇಳದಲ್ಲಿ ಅಡ್ಡಾಡುತ್ತಾ ತಿಂದು ಮುಗಿಸಿದರಾಯಿತು. ಹೂ ಬಿಡಿಸುವ ಕಲೆ ಇದಕ್ಕೆ ತದ್ವಿರುದ್ಧ. ಅದು ಕೂತು ಕಲಿಯುವ ವಿದ್ಯೆ. ಷಿಕಾಗೋದಲ್ಲಿ ವಿಲ್ಟನ್ ಕುಟುಂಬ 1929ರಲ್ಲಿ ಕೇಕ್ ಅಲಂಕಾರ ಕಲಿಸಲು ತೊಡಗಿತು. ಅವರ ನಾಝಲ್‌ಗಳ ಸಂಖ್ಯೆಗಳೇ ಇಂದು ಬೆಂಗಳೂರು, ಹುಬ್ಬಳ್ಳಿಗಳ ಹೋಂ ಬೇಕರ್‌ಗಳ ಬಾಯಲ್ಲೂ ಓಡಾಡುತ್ತವೆ. ದಳಕ್ಕೆ 104, ಎಲೆಗೆ 352, ಸೇವಂತಿಗೆಗೆ 81 ಎಂದರೆ ಸಾಕು, ಅಂಗಡಿಯವರು ತೆಗೆದುಕೊಡುತ್ತಾರೆ.

ಕೈಕೆಲಸದ ಸೊಬಗನ್ನು ಹತ್ತಿರದಿಂದ ನೋಡಬೇಕು. ಗುಲಾಬಿ ಬಿಡಿಸುವಾಗ ಎಡಗೈಯಲ್ಲಿ ಮೊಳೆಯಾಕಾರದ ಪುಟ್ಟ ಪೀಠ, ಅದರ ಮೇಲೆ ಅಂಟಿಸಿದ ಬೆಣ್ಣೆಕಾಗದದ ಚೂರು. ಬಲಗೈಯಲ್ಲಿ ಪೈಪಿಂಗ್ ಬ್ಯಾಗ್. 104ರ ಬಾಯಿ ಒಂದು ಕಡೆ ಅಗಲ, ಇನ್ನೊಂದು ಕಡೆ ಸಪೂರ. ಅಗಲದ ತುದಿ ಕೆಳಗಿರಬೇಕು, ಸಪೂರ ತುದಿ ಮೇಲಿರಬೇಕು. ದಳದ ಬುಡ ಗಟ್ಟಿಯಾಗಿ, ಅಂಚು ತೆಳುವಾಗಿ ಬರುವುದು ಹಾಗೆ. ಮೊದಲು ನಡುವೆ ಒಂದು ದಿಬ್ಬ, ಅದನ್ನು ಸುತ್ತಿ ಮೊಗ್ಗು, ಆಮೇಲೆ ಮೂರು ದಳ, ಅದರ ಹೊರಗೆ ಐದು, ಮತ್ತೂ ಹೊರಗೆ ಏಳು. ಪ್ರತಿ ದಳವೂ ಹಿಂದಿನದರ ನಡುವಿನಿಂದ ಹೊರಡಬೇಕು. ಎಡಗೈ ಬೆರಳುಗಳು ಪೀಠವನ್ನು ತಿರುಗಿಸುತ್ತಾ ಹೋದಂತೆ ಬಲಗೈ ಕಮಾನಿನಂತೆ ಏರಿ ಇಳಿಯುತ್ತದೆ. ಒತ್ತಡ ಒಂದಿಷ್ಟು ಹೆಚ್ಚಾದರೆ ದಳ ನೆರಿಗೆಗಟ್ಟುತ್ತದೆ, ಕಡಿಮೆಯಾದರೆ ಅಂಚು ಹರಿಯುತ್ತದೆ. ಕೈಯ ಬಿಸಿಗೆ ಬ್ಯಾಗಿನೊಳಗಿನ ಬೆಣ್ಣೆ ಸಡಿಲವಾಗುವುದರೊಳಗೆ ಇದೆಲ್ಲ ಮುಗಿಯಬೇಕು. ಈ ವಿದ್ಯೆಯನ್ನು ಮನೆಯಲ್ಲೇ ಕಲಿತು ಸಾಧಿಸಿದ ಹೆಣ್ಣುಮಕ್ಕಳ ಬಗ್ಗೆ ನನಗೆ ತುಂಬು ಗೌರವವಿದೆ.

ಹೂ ಮುಡಿದ ಕೋನುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು, ಚಪ್ಪಟೆ ಬುಡದ ವೇಫರ್ ಕೋನಿನೊಳಗೆ ಕೇಕ್ ಹಿಟ್ಟು ಹೊಯ್ದು ಬೇಯಿಸಿ, ಮೇಲೆ ಹೂ ಬಿಡಿಸುವುದು. ಇದರಲ್ಲಿ ಐಸ್‌ಕ್ರೀಮೇ ಇಲ್ಲ. ಕೇಕಿನ ಮೆತುವಿಗೂ ಬಟರ್‌ಕ್ರೀಮಿಗೂ ಹೊಂದಿಕೆಯಾಗುವುದರಿಂದ ರುಚಿಯ ಲೆಕ್ಕದಲ್ಲಿ ಇದು ಪಾಸಾಗುತ್ತದೆ. ಕೋನು ಮಾತ್ರ ಕೇಕಿನ ತೇವ ಹೀರಿ ಮರುದಿನಕ್ಕೆ ರಟ್ಟಾಗುತ್ತದೆ, ಹಾಗಾಗಿ ಅದೇ ದಿನ ತಿನ್ನಬೇಕು. ಎರಡನೆಯದು, ಕೋನಿನ ಬಾಯಿತುಂಬ ಬರೀ ಫ್ರಾಸ್ಟಿಂಗಿನ ಹೂಗಳನ್ನು ತುಂಬಿ ಹೂಗುಚ್ಛ ಮಾಡುವುದು. ಫೋಟೊದಲ್ಲಿ ಎಲ್ಲಕ್ಕಿಂತ ಚೆಂದ ಕಾಣುವುದು ಇದೇ, ತಿನ್ನಲು ಎಲ್ಲಕ್ಕಿಂತ ಕಷ್ಟದ್ದೂ ಇದೇ. ಮೂರನೆಯದು, ನಿಜವಾದ ಐಸ್‌ಕ್ರೀಮ್ ತುಂಬಿದ ಕೋನಿಗೆ ಹೂವಿಡುವುದು. ಈ ಕಲೆಯ ನಿಜವಾದ ಪರೀಕ್ಷೆ ಇರುವುದು ಇಲ್ಲಿ.

ಪರೀಕ್ಷೆ ಕಠಿಣವಾಗಲು ಕಾರಣ ತಣ್ಣನೆಯ ಬೆಣ್ಣೆಯ ಗುಣ. ಐಸ್‌ಕ್ರೀಮ್ ಅಷ್ಟು ತಂಪಿನಲ್ಲೂ ಮೆತ್ತಗಿರುವುದು ಅದರೊಳಗೆ ಕಡೆದು ಸೇರಿಸಿದ ಗಾಳಿಯಿಂದ, ಮತ್ತು ಸಕ್ಕರೆಯ ದೆಸೆಯಿಂದ ಹೆಪ್ಪುಗಟ್ಟದೆ ಉಳಿದ ನೀರಿನಿಂದ. ಬಟರ್‌ಕ್ರೀಮಿಗೆ ಆ ಅನುಕೂಲವಿಲ್ಲ. ಹಾಲಿನ ಕೊಬ್ಬು ಪೂರ್ತಿ ಕರಗಲು ಸುಮಾರು 32ರಿಂದ 35 ಡಿಗ್ರಿ ಬೇಕು. ಫ್ರೀಜರಿನ ಮೈನಸ್ 18 ಡಿಗ್ರಿಯಿಂದ ತೆಗೆದ ದಪ್ಪ ಗುಲಾಬಿಯನ್ನು ಕಚ್ಚಿದರೆ ಹಲ್ಲಿಗೆ ಸಿಗುವುದು ಮೇಣದಂಥ ಗಟ್ಟಿ. ಅದು ಕರಗುವಷ್ಟರಲ್ಲಿ ಐಸ್‌ಕ್ರೀಮ್ ಗಂಟಲಿಳಿದಿರುತ್ತದೆ, ನಾಲಗೆಯ ಮೇಲೆ ಜಿಡ್ಡಿನ ಪೊರೆಯೊಂದು ಉಳಿದಿರುತ್ತದೆ. ತಂಪಿನಲ್ಲಿ ಸಿಹಿಯೂ ಮಂಕಾಗುತ್ತದೆ, ವೆನಿಲ್ಲಾದ ಪರಿಮಳವೂ ಏಳುವುದಿಲ್ಲ. ಹೊರಗಿಟ್ಟು ಕಾಯೋಣವೆಂದರೆ ಗಾಳಿಯ ತೇವ ಹೂವಿನ ಮೇಲೆ ಹನಿಗಟ್ಟಿ, ಗಾಢ ಕೆಂಪು, ನೇರಳೆ ಬಣ್ಣಗಳು ಬೆವರಿ ಬಿಳಿ ಐಸ್‌ಕ್ರೀಮಿನ ಮೇಲೆ ಇಳಿಯುತ್ತವೆ. ಮಂಗಳೂರಿನ ಸೆಕೆಯಲ್ಲಿ ಇದು ನೋಡನೋಡುತ್ತಲೇ ಆಗಿಹೋಗುತ್ತದೆ.

ಈ ತೊಡಕಿನಿಂದ ಪಾರಾಗಲು ಅನೇಕರು ಹಿಡಿಯುವ ದಾರಿ ಡಬ್ಬದ ನಾನ್-ಡೈರಿ ವಿಪ್ಪಿಂಗ್ ಕ್ರೀಮ್. ಮೊಟ್ಟೆ ಬಳಸದ ಮನೆಗಳಲ್ಲಿ ಸ್ವಿಸ್ ಮೆರಾಂಗ್ ಬಟರ್‌ಕ್ರೀಮ್ ಮಾಡುವಂತಿಲ್ಲ, ಬೆಣ್ಣೆ-ಸಕ್ಕರೆಯ ಸಾದಾ ಬಟರ್‌ಕ್ರೀಮ್ ಅತಿ ಸಿಹಿಯಾಗುತ್ತದೆ. ಹಾಗಾಗಿ ಆ ಆಯ್ಕೆ ಅರ್ಥವಾಗುವಂಥದ್ದೇ. ಅದು ಹಗುರ, ಅಚ್ಚ ಬಿಳಿ, ಚೂಪಾದ ದಳ ಕೊಡುತ್ತದೆ, ಬೇಗ ಕುಸಿಯುವುದೂ ಇಲ್ಲ. ಆ ನಿಲುವಿನ ಹಿಂದೆ ಇರುವುದು ಹೆಚ್ಚಾಗಿ ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಕೈಗಾರಿಕಾ ಟ್ರಾನ್ಸ್ ಫ್ಯಾಟ್ ಶೇ. 2 ಮೀರಬಾರದೆಂದು ಮಿತಿ ಹಾಕಿರುವುದು ಒಳ್ಳೆಯದೇ ಆಯಿತು. ಆದರೂ ಹಾಲಿನ ಐಸ್‌ಕ್ರೀಮಿನ ಮೇಲೆ ಹಾಲಿಲ್ಲದ ಹೂವಿಡುವುದರಲ್ಲಿ ರುಚಿಯ ನ್ಯಾಯವಿಲ್ಲ. ಡಬ್ಬದ ಹಿಂಬದಿ ಓದದೆ ಕೊಳ್ಳಬೇಡಿ. ಐಸ್‌ಕ್ರೀಮಿಗೂ ಇದೇ ಮಾತು: ಪೊಟ್ಟಣದ ಮೇಲೆ ಫ್ರೋಜನ್ ಡೆಸರ್ಟ್ ಎಂದಿದ್ದರೆ ಅದರಲ್ಲಿರುವುದು ಸಸ್ಯಜನ್ಯ ಎಣ್ಣೆ.

ಸಕ್ಕರೆಯ ಲೆಕ್ಕವನ್ನೂ ಬಿಡುವಂತಿಲ್ಲ. ಸಾದಾ ಬಟರ್‌ಕ್ರೀಮಿಗೆ ಒಂದು ಪಾಲು ಬೆಣ್ಣೆಗೆ ಎರಡು ಪಾಲು ಐಸಿಂಗ್ ಶುಗರ್ ಹಾಕುವುದು ರೂಢಿ. 30 ಗ್ರಾಂ ಹೂವಿದ್ದರೆ ಅದರಲ್ಲಿ 20 ಗ್ರಾಂ ಸಕ್ಕರೆ, ಎಂದರೆ ಐದು ಟೀ ಚಮಚ. ದಿನಕ್ಕೆ ಹೊರಗಿನಿಂದ ಸೇರುವ ಸಕ್ಕರೆ ಸುಮಾರು 25 ಗ್ರಾಂ ದಾಟದಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಬ್ಬದ ದಿನ ಗ್ರಾಂ ಎಣಿಸುತ್ತಾ ಕೂರಬೇಕಿಲ್ಲ, ನಿಜ. ಆದರೆ ಆ ಇಪ್ಪತ್ತು ಗ್ರಾಂ ಬಾಯಿಗೆ ಸಂತೋಷವನ್ನಾದರೂ ಕೊಡಬೇಕು. ಅರ್ಧ ತಿಂದು ಬಿಟ್ಟ ಗುಲಾಬಿಗಳು ಕಾಗದದ ತಟ್ಟೆಗಳಲ್ಲಿ ಉಳಿಯುವುದನ್ನು ಎಷ್ಟೋ ಪಾರ್ಟಿಗಳಲ್ಲಿ ನೋಡಿದ್ದೇನೆ. ಮಕ್ಕಳು ಐಸ್‌ಕ್ರೀಮ್ ಚೀಪಿ ಹೂವನ್ನು ಬಿಡುತ್ತಾರೆ. ಅದಕ್ಕಿಂತ ಖಚಿತವಾದ ವಿಮರ್ಶೆ ಬೇರೆ ಯಾವುದೂ ಇಲ್ಲ.

ಹಾಗಾದರೆ ಗೆಲ್ಲುವ ಹೂ ಯಾವುದು? ಚಿಕ್ಕದು, ಮತ್ತು ಕೋನಿನ ಅಂಚಿನಲ್ಲಿ ಕೂತದ್ದು. ಖಾಲಿ ಕೋನಿನ ಬಾಯನ್ನು ಕರಗಿಸಿದ ಚಾಕೊಲೇಟಿನಲ್ಲಿ ಅದ್ದಿ, ಒಳಗೋಡೆಗೂ ತೆಳುವಾಗಿ ಸವರಿ ಒಣಗಿಸಬೇಕು. ಇದರಿಂದ ಎರಡು ಲಾಭ: ಕೋನು ಬೇಗ ಮೆತ್ತಗಾಗುವುದಿಲ್ಲ, ಹೂವಿಗೆ ಒಣ ನೆಲೆ ಸಿಗುತ್ತದೆ. ತೇವದ ಐಸ್‌ಕ್ರೀಮಿನ ಮೇಲೆ ಬೆಣ್ಣೆ ಹಿಡಿದು ನಿಲ್ಲದೆ ಜಾರುತ್ತದೆ, ಚಾಕೊಲೇಟಿನ ಅಂಚಿಗೆ ಭದ್ರವಾಗಿ ಅಂಟುತ್ತದೆ. ಅಂಚಿನ ಒಂದು ಬದಿಗೆ ಮೂರು ಹೂ, ಎರಡು ಎಲೆ ಸಾಕು. ಐಸ್‌ಕ್ರೀಮನ್ನು ತುಂಬುವುದು ಕೊನೆಗೆ, ಕೈಗೆ ಕೊಡುವ ಮುನ್ನ. ಆಗ ಹೂ ಫ್ರೀಜರ್ ಕಂಡಿರುವುದಿಲ್ಲ, ಬೆಣ್ಣೆ ಮೆದುವಾಗಿಯೇ ಇರುತ್ತದೆ. ಮೊದಲ ನಾಲ್ಕೈದು ತುತ್ತಿನಲ್ಲಿ ಕೋನಿನ ಗರಿಗರಿ, ಚಾಕೊಲೇಟು, ಬೆಣ್ಣೆ, ಐಸ್‌ಕ್ರೀಮ್ ಎಲ್ಲ ಕೂಡಿ ಬಾಯಿಗೆ ಬರುತ್ತವೆ. ಚಿಟಿಕೆ ಉಪ್ಪು, ಸ್ವಲ್ಪ ಕ್ರೀಮ್ ಚೀಸ್ ಅಥವಾ ನಿಂಬೆಸಿಪ್ಪೆಯ ತುರಿ ಸೇರಿಸಿದರೆ ಸಿಹಿಯೂ ಹದಕ್ಕೆ ಬರುತ್ತದೆ.

ಹೂವಿನ ಆಯ್ಕೆಯಲ್ಲೂ ನಮ್ಮವರು ಇನ್ನಷ್ಟು ಧೈರ್ಯ ತೋರಬೇಕು. ಎಲ್ಲರೂ ಗುಲಾಬಿಯನ್ನೇ ಏಕೆ ಬಿಡಿಸಬೇಕು? ಮಲ್ಲಿಗೆ ಮೊಗ್ಗಿಗೆ ಸಣ್ಣ ದುಂಡು ಬಾಯಿಯ ನಾಝಲ್ ಸಾಕು: ಒತ್ತಿ, ಎಳೆದು, ಬಿಟ್ಟರೆ ಮೊಗ್ಗು. ಅದಕ್ಕೆ ಬಣ್ಣವೇ ಬೇಡ, ಬೆಣ್ಣೆಯ ತಿಳಿ ಕೆನೆಬಣ್ಣವೇ ಒಪ್ಪುತ್ತದೆ. ಕೋನಿನ ಅಂಚಿನ ಸುತ್ತ ಮೊಗ್ಗುಗಳನ್ನು ಒತ್ತಾಗಿ ಕೂರಿಸಿದರೆ ಒಂದು ಗುಲಾಬಿಗೆ ಹಿಡಿಯುವ ಬೆಣ್ಣೆಯಲ್ಲೇ ಮಾಲೆಯಾಗುತ್ತದೆ, ಪ್ರತಿ ತುತ್ತಿಗೂ ಒಂದೆರಡು ಮೊಗ್ಗು ಸಿಗುತ್ತವೆ. ಹೂವನ್ನು ದಂಡೆ ಕಟ್ಟಿ ಮುಡಿದು ಬೆಳೆದ ಊರುಗಳಿಗೆ ಈ ವಿನ್ಯಾಸ ಹೊಳೆಯದಿರಲು ಕಾರಣವಿಲ್ಲ.

ಪ್ಯಾರಿಸ್ಸಿನಲ್ಲಿ 2002ರಲ್ಲಿ ಶುರುವಾದ ಅಮೊರಿನೊ ಅಂಗಡಿಗಳು ಜೆಲಾಟೊವನ್ನೇ ಚಪ್ಪಟೆ ಸಲಾಕೆಯಿಂದ ದಳದಳವಾಗಿ ಸವರಿ ಕೋನಿನ ಮೇಲೆ ಗುಲಾಬಿ ಅರಳಿಸುತ್ತವೆ. ಅಲ್ಲಿ ಹೂವೂ ತಿನಿಸೂ ಒಂದೇ, ಹೊರಗಿನಿಂದ ತಂದು ಅಂಟಿಸಿದ್ದೇನೂ ಇಲ್ಲ. ರುಚಿಯ ದೃಷ್ಟಿಯಿಂದ ಆ ಪರಿಹಾರ ಬೆಣ್ಣೆ ಹೂವಿಗಿಂತ ಮೇಲು ಎಂದೇ ನನ್ನ ತೀರ್ಮಾನ. ಬೆಂಗಳೂರಿನ ಡಿಸೆಂಬರ್ ಕೇಕ್ ಪ್ರದರ್ಶನದ ಸಕ್ಕರೆ ಶಿಲ್ಪಗಳದ್ದು ಇನ್ನೊಂದು ತುದಿ. ಅವು ನೋಡಲೆಂದೇ ಮಾಡಿದವು, ದಿನಗಟ್ಟಲೆ ನಿಲ್ಲಬೇಕಾದವು. ಅವುಗಳನ್ನು ನಾಲಗೆಯಿಂದ ಅಳೆಯುವುದು ತಪ್ಪು. ಮನೆಯ ಹೂ ಮುಡಿದ ಕೋನು ಇವೆರಡರ ನಡುವೆ ನಿಂತು ಎತ್ತ ಹೋಗಬೇಕೆಂದು ತಿಳಿಯದೆ ತಡವರಿಸುತ್ತಿದೆ.

ಅದು ಹೋಗಬೇಕಾದ ಕಡೆ ಯಾವುದೆಂಬ ಬಗ್ಗೆ ನನಗೆ ಅನುಮಾನವಿಲ್ಲ. ಅಂಗಡಿಯ ಅಲಂಕಾರ ಗಾಜಿನ ಕಪಾಟಿನಲ್ಲಿ ಕಾಯಬೇಕು, ಡೆಲಿವರಿ ಬೈಕಿನ ಕುಲುಕಾಟ ತಡೆಯಬೇಕು. ಅದಕ್ಕಾಗಿ ಅದು ಗಟ್ಟಿ ಕೊಬ್ಬಿಗೆ, ಕಡು ಬಣ್ಣಕ್ಕೆ ಮೊರೆಹೋಗುತ್ತದೆ. ಮನೆಯಲ್ಲಿ ಮಾಡಿದ ಕೈಗೂ ತಿನ್ನುವ ಬಾಯಿಗೂ ನಡುವೆ ಇರುವುದು ಹತ್ತು ನಿಮಿಷ. ಇಷ್ಟು ದೊಡ್ಡ ಅನುಕೂಲ ಯಾವ ಬೇಕರಿಗೂ ಇಲ್ಲ. ಅದನ್ನು ಬಿಟ್ಟುಕೊಟ್ಟು ಅಂಗಡಿಯ ಗಟ್ಟಿತನವನ್ನು ಅನುಕರಿಸುವುದೇ ಈ ಹವ್ಯಾಸದ ದೊಡ್ಡ ದೋಷ. ಹೂ ಸ್ವಲ್ಪ ಬಾಗಲಿ, ದಳದ ಅಂಚು ಮೆತ್ತಗಾಗಲಿ. ಒಳ್ಳೆಯ ಬೆಣ್ಣೆ ಬಳಸಿ, ಚಿಕ್ಕದಾಗಿ ಬಿಡಿಸಿ, ಮಕ್ಕಳನ್ನು ಮೇಜಿನ ಸುತ್ತ ಕರೆದು ಅವರ ಕಣ್ಣೆದುರೇ ಐಸ್‌ಕ್ರೀಮ್ ತುಂಬಿ ಕೊಡಿ. ಫೋಟೊಕ್ಕೆ ಸಮಯ ಸಿಗದಿದ್ದರೂ ಪರವಾಗಿಲ್ಲ, ಕೋನು ಬುಡದವರೆಗೂ ಖಾಲಿಯಾಗಬೇಕು.