ಒಂಬತ್ತು ಕುತ್ತಿಗೆ, ಒಬ್ಬರಿಗೆ ಗುಣ

2025ರ ಜುಲೈಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ರುಮಟಾಯ್ಡ್ ಸಂಧಿವಾತಕ್ಕೆ ಹೊಸದೊಂದು ಸಾಧನವನ್ನು ಒಪ್ಪಿತು. ಕುತ್ತಿಗೆಯ ಎಡಬದಿ ಕೊಯ್ದು ವೇಗಸ್ ನರದ ಮೇಲೆ ಕೂರಿಸುವ ಅದು ದಿನಕ್ಕೆ ಒಂದು ನಿಮಿಷ ವಿದ್ಯುತ್ ಮಿಡಿತ ಕೊಡುತ್ತದೆ. ಅದೇ ವರ್ಷ ಈ ಚಿಕಿತ್ಸೆಯ ಹರಿಕಾರ ಕೆವಿನ್ ಟ್ರೇಸಿಯವರ ‘ದಿ ಗ್ರೇಟ್ ನರ್ವ್’ ಪುಸ್ತಕವೂ ಬಂತು. ಸಾಧನಕ್ಕೆ ಸಿಕ್ಕ ಒಪ್ಪಿಗೆ ನ್ಯಾಯವಾದದ್ದು. ನರಕ್ಕೆ ಸಿಕ್ಕ ‘ಗ್ರೇಟ್’ ಎಂಬ ಬಿರುದು ಪುರಾವೆಯನ್ನು ಮೀರಿದ್ದು.

ವೇಗಸ್‌ಗೆ ಮಿಡಿತ ಕೊಟ್ಟರೆ ಉರಿಯೂತ ತಗ್ಗುತ್ತದೆ ಎಂದು ತೋರಿಸಿದ 2000ನೇ ಇಸವಿಯ ಇಲಿಗಳ ಪ್ರಯೋಗ ಬಲ್ಲವರಿಗೆ ಹೊಸದಲ್ಲ. ನೋಡಬೇಕಾದದ್ದು ಒಪ್ಪಿಗೆಗೆ ಆಧಾರವಾದ ರೀಸೆಟ್-ಆರ್‌ಎ ಅಧ್ಯಯನವನ್ನು. 242 ರೋಗಿಗಳು, ಎಲ್ಲರಿಗೂ ಶಸ್ತ್ರಚಿಕಿತ್ಸೆ, ಅರ್ಧದಷ್ಟು ಮಂದಿಗೆ ಮಾತ್ರ ಮಿಡಿತ. 12 ವಾರಗಳಲ್ಲಿ ಮಿಡಿತ ಪಡೆದವರಲ್ಲಿ ಶೇ. 35.2 ಮಂದಿ ಸುಧಾರಿಸಿದರು, ಪಡೆಯದವರಲ್ಲಿ ಶೇ. 24.2. ಅಂತರ 11. ಅಂದರೆ ಹೆಚ್ಚುವರಿಯಾಗಿ ಒಬ್ಬರಿಗೆ ಗುಣ ಕಾಣಲು ಸುಮಾರು ಒಂಬತ್ತು ಮಂದಿಯ ಕುತ್ತಿಗೆ ಕೊಯ್ಯಬೇಕು. ಆ ಗುಣವಾದರೂ ಎಷ್ಟು? ಅಧ್ಯಯನ ಬಳಸಿದ ಎಸಿಆರ್20 ಅಳತೆಗೆ ನೋಯುವ ಕೀಲುಗಳ ಮತ್ತು ಊದಿದ ಕೀಲುಗಳ ಸಂಖ್ಯೆ, ಜೊತೆಗೆ ಇತರ ಐದು ಅಂಶಗಳಲ್ಲಿ ಮೂರು, ಐದನೇ ಒಂದು ಪಾಲು ಸುಧಾರಿಸಿದರೂ ಸಾಕು. 12 ವಾರ ಮುಗಿದ ಮೇಲೆ ಎಲ್ಲರ ಸಾಧನಗಳನ್ನೂ ಚಾಲೂ ಮಾಡಿದರು. ಹೀಗಾಗಿ ಆಮೇಲಿನ ಆಶಾದಾಯಕ ಅಂಕಿಗಳನ್ನು ಹೋಲಿಸಿ ನೋಡಲು ಎದುರಿಗೆ ಗುಂಪೇ ಉಳಿಯಲಿಲ್ಲ.

ಆಮ್‌ಸ್ಟರ್‌ಡ್ಯಾಮ್ ವೈದ್ಯರ ನೇತೃತ್ವದಲ್ಲಿ ಸಂಧಿವಾತ ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕಿಂತ ಕುತೂಹಲಕರ. ಮಿಡಿತ ನಿಲ್ಲಿಸಿದಾಗ ರೋಗ ಕೆರಳಿತು, ಮತ್ತೆ ಕೊಟ್ಟಾಗ ತಗ್ಗಿತು. ಆದರೆ ಅಲ್ಲಿದ್ದವರು 17 ಮಂದಿ, ಹೋಲಿಕೆಯ ಗುಂಪೂ ಇರಲಿಲ್ಲ.

ಇನ್ನು ವಿಮರ್ಶಕರ ಜಗಳ. ಉರಿಯೂತವನ್ನು ಹತೋಟಿಯಲ್ಲಿಡುವ ಸಹಜ ಪ್ರತಿವರ್ತನೆ ಸಾಗುವುದು ಹೊಟ್ಟೆಯ ಅಂಗಗಳಿಗೆ ಹೋಗುವ ಸ್ಪ್ಲಾಂಕ್ನಿಕ್ ನರಗಳ ಮೂಲಕ, ವೇಗಸ್ ಮೂಲಕ ಅಲ್ಲ ಎಂದು ಆಸ್ಟ್ರೇಲಿಯಾದ ರಾಬಿನ್ ಮೆಕಾಲನ್, ಡೇವಿಡೆ ಮಾರ್ಟೆಲ್ಲಿ ತಂಡ 2014ರಲ್ಲಿ ಇಲಿಗಳಲ್ಲಿ ತೋರಿಸಿತು. ಇದರಿಂದ ಚಿಕಿತ್ಸೆಯೇ ಸುಳ್ಳು ಎನ್ನುವವರು ದುಡುಕುತ್ತಾರೆ: ದೇಹ ತಾನಾಗಿ ಹಿಡಿಯುವ ದಾರಿ ಬೇರೆ, ಹೊರಗಿನ ಮಿಡಿತ ತೆರೆಯುವ ದಾರಿ ಬೇರೆ ಇರಬಹುದು. ಆದರೆ ಈ ಆಕ್ಷೇಪವನ್ನು ಅಡಿಟಿಪ್ಪಣಿಗೆ ತಳ್ಳುವ ಅಭಿಮಾನಿಗಳ ತಪ್ಪು ಇನ್ನೂ ದೊಡ್ಡದು. ಜನರಿಗೆ ಅವರು ತೋರಿಸುತ್ತಿರುವುದು ನರಗಳ ದಾರಿಯೇ ಇನ್ನೂ ತೀರ್ಮಾನವಾಗದ ನಕ್ಷೆಯನ್ನು.

ಜೈವಿಕ ಔಷಧಗಳಿಗೂ ಬಗ್ಗದ ಸಂಧಿವಾತದವರಿಗೆ ಕುತ್ತಿಗೆಯ ಸಾಧನ ಒಂದು ಸಾಧಾರಣ, ನಿಜವಾದ ಆಸರೆ. ಕಿವಿಗೆ ಸಿಕ್ಕಿಸುವ ವೇಗಸ್ ಸಾಧನಗಳಿಗೆ ಈ ಮಾತು ಸಲ್ಲದು: ಸಂಧಿವಾತದ 113 ಮಂದಿಯ ಪರೀಕ್ಷೆಯಲ್ಲಿ ಅಸಲಿಗೂ ನಕಲಿಗೂ ವ್ಯತ್ಯಾಸ ಕಾಣಲಿಲ್ಲ. ಅಂಥದ್ದನ್ನು ನಂಬಿ ಯಾರೂ ಸಂಧಿವಾತದ ಮೆಥೊಟ್ರೆಕ್ಸೇಟ್ ಮಾತ್ರೆ ನಿಲ್ಲಿಸಬಾರದು.