ಕೂಗಿದ್ದು ಯಾರಿಗೆ, ಕೇಳಿದ್ದು ಯಾರಿಗೆ

ಹಕ್ಕಿ ನೋಡುವವರ ಹುಚ್ಚೆಲ್ಲ ಕೂಗುವ ಹಕ್ಕಿಯ ಮೇಲೆ. ದುರ್ಬೀನು ಅತ್ತಲೇ ತಿರುಗುತ್ತದೆ, ಮೊಬೈಲು ದನಿ ಹಿಡಿದು ಹೆಸರು ಹೇಳುತ್ತದೆ, ಅಲ್ಲಿಗೆ ಮುಗಿಯಿತು. ನನ್ನ ಚಾಳಿ ಬೇರೆ. ಕೂಗು ಕಿವಿಗೆ ಬಿದ್ದವರು ಏನು ಮಾಡಿದರು ಎಂದು ನೋಡುತ್ತೇನೆ. ಮೈಸೂರಿನಲ್ಲಿ ಅದಕ್ಕೆ ಹೆಬ್ಬಾಳ ಕೆರೆಯ ದಂಡೆಯೇ ಸರಿ.

ಅಲ್ಲಿ ಟಿಟ್ಟಿಭ ಬೊಬ್ಬೆ ಹೊಡೆಯಿತೆನ್ನಿ. ಅದರ ಮರಿಗಳು ಇದ್ದಲ್ಲೇ ನೆಲಕ್ಕೆ ಅಂಟಿ, ಮಣ್ಣಿನ ಹೆಂಟೆಗಳಾಗಿಬಿಡುತ್ತವೆ. ಬೆಳ್ಳಕ್ಕಿಗಳು ಕತ್ತೆತ್ತುತ್ತವೆ. ಎಮ್ಮೆಗೆ ಏನೂ ಅನ್ನಿಸುವುದಿಲ್ಲ! ಹಗಲು ಹೊತ್ತಿನಲ್ಲಿ ಹಾಲಕ್ಕಿ ಎಂಬ ಪುಟ್ಟ ಗೂಬೆ ಕಣ್ಣಿಗೆ ಬಿದ್ದರಂತೂ ಪಿಕಳಾರದ ಒರಟು ಗದ್ದಲಕ್ಕೆ ಕಾಜಾಣ, ಗೊರವಂಕ ಎಲ್ಲ ಬಂದು ಜಮಾಯಿಸುತ್ತವೆ.

ಈ ಒರಟುತನ ಸುಮ್ಮನೆ ಬಂದದ್ದಲ್ಲ. ದನಿ ಎತ್ತಲಿಂದ ಬಂತೆಂದು ಗೊತ್ತಾಗುವುದು ಎರಡು ಕಿವಿಗೂ ಅದು ಮುಟ್ಟುವ ಹೊತ್ತು ಮತ್ತು ಜೋರಿನ ವ್ಯತ್ಯಾಸದಿಂದ. ತುಂಡುತುಂಡಾದ, ಹಲವು ಶ್ರುತಿ ಕಲೆತ ಕಿರುಚಾಟದ ಜಾಡು ಹಿಡಿಯುವುದು ಸುಲಭ. ಡೇಗೆ ಹಾರಿ ಬಂದಾಗ ಯೂರೋಪಿನ ಸಣ್ಣ ಹಕ್ಕಿಗಳು ಹೊರಡಿಸುವ ದನಿ ಇದಕ್ಕೆ ತದ್ವಿರುದ್ಧ: ಸಣ್ಣಗೆ, ಎತ್ತರದ ಶ್ರುತಿಯಲ್ಲಿ, ಮೆಲ್ಲಗೆ ಶುರುವಾಗಿ ಮೆಲ್ಲಗೆ ಮುಗಿಯುವಂಥದು. ಗೆಳೆಯರಿಗೆ ಸುದ್ದಿ ಮುಟ್ಟಬೇಕು, ಡೇಗೆಗೆ ವಿಳಾಸ ಸಿಗಬಾರದು. ಪೀಟರ್ ಮಾರ್ಲರ್ 1955ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ವಾದ ಮುಂದಿಟ್ಟರು.

ಕೇಳುವ ಹಕ್ಕಿ ಕೂಗುಗಳ ಸರದಿಯನ್ನೂ ಗಮನಿಸುತ್ತದೆ. ನಮ್ಮ ಚೇಕಡಿ ಹಕ್ಕಿಯ ಜಪಾನಿ ದಾಯಾದಿಗೆ ‘ಸುತ್ತ ನೋಡು’ ಎಂಬುದಕ್ಕೊಂದು ಕೂಗು, ‘ಹತ್ತಿರ ಬಾ’ ಎಂಬುದಕ್ಕೊಂದು. ಇದೇ ಸರದಿಯಲ್ಲಿ ಕೇಳಿಸಿದರೆ ಸುತ್ತ ನೋಡುತ್ತಾ ಹತ್ತಿರ ಬರುತ್ತದೆ. ಹಿಂದುಮುಂದು ಮಾಡಿ ಕೇಳಿಸಿದರೆ ಅಷ್ಟಾಗಿ ಸೊಪ್ಪು ಹಾಕುವುದಿಲ್ಲ. ತೊಶಿತಾಕಾ ಸುಝುಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ್ದು ಇದು. ಗಿಳಿಗೆ ಮಾತು ಕಲಿಸಿ ಬೀಗುವುದಕ್ಕಿಂತ ಇದು ಎಷ್ಟೋ ಮೇಲು.

ಹಾಗೆಂದು ಹಕ್ಕಿಯ ಕಿವಿ ಎಲ್ಲದರಲ್ಲೂ ನಮ್ಮದನ್ನು ಮೀರಿಸಿದ್ದಲ್ಲ. ಹೊರಕಿವಿಯ ಹಾಲೆಯಿಲ್ಲ, ಗರಿಯಡಿ ಒಂದು ತೂತು ಅಷ್ಟೆ. ತೀರಾ ಎತ್ತರದ ಶ್ರುತಿ ನಮಗೇ ಹೆಚ್ಚು ಕೇಳುತ್ತದೆ. ಆದರೆ ಒಳಗಿವಿಯಲ್ಲಿ ಸದ್ದು ಹಿಡಿಯುವ ರೋಮಕೋಶ ಹಾಳಾದರೆ ಹಕ್ಕಿಗೆ ಮತ್ತೆ ಹುಟ್ಟುತ್ತದೆ, ನಮಗೆ ಹುಟ್ಟುವುದಿಲ್ಲ. ಕಾರ್ಖಾನೆಯಲ್ಲಿ ದುಡಿದು ಕಿವಿ ಮಂದವಾದವರಿಗೆ ಹೊಟ್ಟೆಕಿಚ್ಚು ಬಂದರೆ ತಪ್ಪಿಲ್ಲ.

ಇನ್ಫೋಸಿಸ್ ಫೌಂಡೇಶನ್ ಹೆಬ್ಬಾಳ ಕೆರೆಗೆ ಮರುಜೀವ ಕೊಟ್ಟಿತು ನಿಜ, ಸುತ್ತಲಿನ ಕೈಗಾರಿಕಾ ಪ್ರದೇಶದ ಸದ್ದು ಹಾಗೇ ಇದೆ. ಯಂತ್ರ, ಲಾರಿಗಳ ಗುಂಯ್‌ಗುಡುವ ತಗ್ಗು ಶ್ರುತಿ ಹಕ್ಕಿಯ ತಗ್ಗು ದನಿಯನ್ನು ನುಂಗುತ್ತದೆ. ನೆದರ್ಲೆಂಡ್ಸಿನ ಲೈಡನ್ ಊರಿನಲ್ಲಿ ಗದ್ದಲದ ಕಡೆಯ ಚೇಕಡಿಗಳು ತಗ್ಗು ಸ್ವರ ಬಿಟ್ಟು ಎತ್ತರದಲ್ಲಿ ಹಾಡುವುದು 2003ರಲ್ಲೇ ವರದಿಯಾಗಿದೆ. ಹೆಬ್ಬಾಳಕ್ಕೆ ಹೋಗುವವರು ಭಾನುವಾರ ನಸುಕಿನಲ್ಲೇ ಹೋಗಿ, ಲಾರಿಗಳು ಶುರುವಾಗುವ ಮೊದಲು.